ಜಂಟಿ ಖಾತೆಯ ಹಣ ಮತ್ತು ಸಾಲ ಕೊಟ್ಟವನ ಹಕ್ಕು

ಮನುಷ್ಯನ ಮೇಲೆ ಎರಡು ಬಗೆಯ ಹೊಣೆಗಳಿವೆ. ಒಂದು ಅಲ್ಲಾಹನಿಗೆ ಸಲ್ಲಬೇಕಾದುದು, ಇನ್ನೊಂದು ಅವನ ದಾಸರಿಗೆ ಸಲ್ಲಬೇಕಾದುದು. ಮೊದಲನೆಯದರಲ್ಲಿ ಲೋಪವಾದಾಗ ದಾಸನು ಪಶ್ಚಾತ್ತಾಪಪಟ್ಟು ತನ್ನ ಪ್ರಭುವಿನ ಕ್ಷಮೆಯನ್ನು ನಿರೀಕ್ಷಿಸಬಹುದು. ಆದರೆ ಇನ್ನೊಬ್ಬನ ಹಣ ನಮ್ಮ ಬಳಿ ಉಳಿದಿದ್ದರೆ, ಅದನ್ನು ಹಿಂದಿರುಗಿಸುವ ತನಕ ಅಥವಾ ಅವನು ಮನಸಾರೆ ಬಿಟ್ಟುಕೊಡುವ ತನಕ ಆ ಹೊಣೆ ಇಳಿಯುವುದಿಲ್ಲ. ಸಾಲ ಈ ಎರಡನೆಯ ಬಗೆಗೆ ಸೇರಿದ್ದು.

ಕೋಲಾರ ಜಿಲ್ಲೆಯಲ್ಲಿ ಸಾಲವಿಲ್ಲದ ಮನೆ ಅಪರೂಪ. ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ಮೀರಿದ ಕೊಳವೆ ಬಾವಿಗೆ ಸಾಲ ಮಾಡದೆ ರೈತನಿಗೆ ಗತಿಯಿಲ್ಲ. ಶ್ರೀನಿವಾಸಪುರದ ಮಾವಿನ ವ್ಯಾಪಾರಿ ಹೂ ಬಿಡುವ ಕಾಲದಲ್ಲೇ ತೋಟ ಹಿಡಿದು ಮುಂಗಡ ಕೊಡುತ್ತಾನೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ದಲ್ಲಾಳಿಯು ರೈತನಿಗೂ, ಹೊರ ರಾಜ್ಯದ ಖರೀದಿದಾರನು ದಲ್ಲಾಳಿಗೂ ಬಾಕಿ ಇಟ್ಟುಕೊಳ್ಳುತ್ತಾರೆ. ಮಾಲೂರಿನ ಇಟ್ಟಿಗೆ ಗೂಡು, ಮುಳಬಾಗಿಲಿನ ತರಕಾರಿ ಲಾರಿ ಎಲ್ಲವೂ ಕಡದ ಮೇಲೆಯೇ ನಡೆಯುತ್ತವೆ. ಈ ವ್ಯವಹಾರಗಳ ಹಣವೆಲ್ಲ ಈಗ ಬ್ಯಾಂಕಿನ ಮೂಲಕ ಸಾಗುತ್ತದೆ. ಖಾತೆಗಳಲ್ಲಿ ಎಷ್ಟೋ ಗಂಡ ಹೆಂಡಿರ ಹೆಸರಿನಲ್ಲಿ, ತಾಯಿ ಮಗನ ಹೆಸರಿನಲ್ಲಿ, ಅಣ್ಣ ತಮ್ಮಂದಿರ ಹೆಸರಿನಲ್ಲಿ ಇವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಾಲ ಮಾಡಿದವನು ಒಬ್ಬ, ಖಾತೆ ಇಬ್ಬರದು. ಹಾಗಾದರೆ ಸಾಲ ಕೊಟ್ಟವನಿಗೆ ಆ ಹಣದ ಮೇಲೆ ಹಕ್ಕಿದೆಯೇ? ಇದ್ದರೆ ಎಷ್ಟರ ಮೇಲೆ? ಸಾಲಗಾರನು ತೀರಿಕೊಂಡರೆ ಉಳಿದವರು ಆ ಹಣವನ್ನು ತಮ್ಮದೆಂದು ತೆಗೆದುಕೊಳ್ಳಬಹುದೇ? ಕೆಲವರು ಎರಡನೆಯ ಹೆಸರು ಸೇರಿಸಿದರೆ ಹಣ ಕ್ಷೇಮ ಎಂದು ಭಾವಿಸುತ್ತಾರೆ. ಇನ್ನು ಕೆಲವರು ಗಂಡನ ಸಾಲಕ್ಕೆ ಹೆಂಡತಿಯ ದುಡಿಮೆಯ ಹಣವನ್ನೂ ಎಳೆದುಕೊಳ್ಳಬಹುದೆಂದು ಭಾವಿಸುತ್ತಾರೆ. ಇವೆರಡೂ ತಪ್ಪು ತಿಳುವಳಿಕೆಗಳು. ಶರೀಅತ್ ಮತ್ತು ದೇಶದ ಕಾನೂನು ಈ ವಿಷಯದಲ್ಲಿ ಬಹುಮಟ್ಟಿಗೆ ಒಂದೇ ಮಾತನ್ನು ಹೇಳುತ್ತವೆ: ಖಾತೆಯ ಮೇಲಿನ ಹೆಸರು ಹಣವನ್ನು ಯಾರು ಪಡೆಯಬಹುದೆಂದು ತಿಳಿಸುತ್ತದೆ, ಹಣ ಯಾರದೆಂದು ತೀರ್ಮಾನಿಸುವುದಿಲ್ಲ.

ಸಾಲದ ಗಾಂಭೀರ್ಯ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದು? ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತ. ಅದರ ವಿಷಯ ಸಾಲದ ವ್ಯವಹಾರ. ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬೇಸರಪಡಬಾರದು ಎಂಬ ಆದೇಶಗಳು ಅದರಲ್ಲಿವೆ.

ಪ್ರವಾದಿವರ್ಯರ(ಸ) ಬಳಿಗೆ ಜನಾಝ ತಂದಾಗ ಮೃತನ ಮೇಲೆ ಸಾಲವಿದೆಯೇ ಎಂದು ಅವರು ವಿಚಾರಿಸುತ್ತಿದ್ದರು. ತೀರಿಸಲು ಏನನ್ನೂ ಬಿಟ್ಟುಹೋಗದ ಒಬ್ಬನ ನಮಾಝ್‌ಗೆ ಅವರು ನೇತೃತ್ವ ನೀಡಲು ಮುಂದಾಗಲಿಲ್ಲ. ಅಬೂ ಕತಾದ(ರ) ಆ ಸಾಲವನ್ನು ತಮ್ಮ ಮೇಲೆ ಹೊತ್ತುಕೊಂಡ ಬಳಿಕವೇ ನಮಾಝ್ ನಡೆಯಿತು. ಮುಂದೆ ಸಂಪತ್ತು ಒದಗಿದಾಗ, ಗತಿಯಿಲ್ಲದೆ ಸತ್ತವರ ಸಾಲವನ್ನು ಪ್ರವಾದಿವರ್ಯರೇ(ಸ) ವಹಿಸಿಕೊಂಡರು. ಹುತಾತ್ಮನ ಇತರ ಪಾಪಗಳು ಕ್ಷಮಿಸಲ್ಪಟ್ಟರೂ ಸಾಲ ಉಳಿಯುತ್ತದೆ ಎಂದೂ ಅವರು ಎಚ್ಚರಿಸಿದ್ದಾರೆ.

ಆದರೆ ಸಾಲ ಕೊಟ್ಟವನ ಹಕ್ಕಿಗೂ ಮೇರೆಯಿದೆ. ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಸಈದ್ ಅಲ್‌ಖುದ್ರಿ(ರ) ವರದಿ ಮಾಡಿದ ಒಂದು ಘಟನೆ ನಮ್ಮ ಮಾವು, ಟೊಮೆಟೊ ವ್ಯಾಪಾರಿಗಳ ಕಣ್ಣು ತೆರೆಸುವಂಥದು. ಹಣ್ಣು ಖರೀದಿಸಿದ ಒಬ್ಬನು ನಷ್ಟಕ್ಕೊಳಗಾಗಿ ಸಾಲದಲ್ಲಿ ಮುಳುಗಿದನು. ಅವನಿಗೆ ದಾನ ನೀಡಿರೆಂದು ಪ್ರವಾದಿವರ್ಯರು(ಸ) ಜನರಿಗೆ ಹೇಳಿದರು. ಜನರು ಕೊಟ್ಟರೂ ಸಾಲಕ್ಕೆ ಸಾಲಲಿಲ್ಲ. ಆಗ ಅವರು ಸಾಲ ಕೊಟ್ಟವರಿಗೆ ಅವನಲ್ಲಿ ಇರುವುದನ್ನು ಪಡೆದುಕೊಳ್ಳಲು ಅನುಮತಿಸಿದರು; ಅದಕ್ಕಿಂತ ಹೆಚ್ಚಿನದಕ್ಕೆ ಅವರಿಗೆ ಹಕ್ಕಿಲ್ಲವೆಂದರು.

ಈ ತೀರ್ಪಿನಲ್ಲಿ ನಮ್ಮ ವಿಷಯದ ಎರಡು ತುದಿಗಳೂ ಇವೆ. ಸಾಲಗಾರನ ಬಳಿ ಇರುವುದು ಸಾಲ ಕೊಟ್ಟವರಿಗೆ ಸಲ್ಲಬೇಕು. ಅವನದಲ್ಲದ್ದು, ಅವನ ಪಕ್ಕದಲ್ಲಿ ನಿಂತವರದ್ದು, ಅವರಿಗೆ ಸಲ್ಲುವುದಿಲ್ಲ. ಜಂಟಿ ಖಾತೆಯಲ್ಲಿ ಮಾಡಬೇಕಾದ ಕೆಲಸವೆಲ್ಲ ಇವೆರಡನ್ನು ಬೇರ್ಪಡಿಸುವುದೇ ಆಗಿದೆ.

ಖಾತೆಯಲ್ಲಿ ಹೆಸರು ಏಕಿರುತ್ತದೆ?

ಬ್ಯಾಂಕಿನಲ್ಲಿಟ್ಟ ಹಣ ಪೆಟ್ಟಿಗೆಯಲ್ಲಿಟ್ಟ ಒಡವೆಯಂತಲ್ಲ. ಕಾನೂನಿನ ದೃಷ್ಟಿಯಲ್ಲಿ ಅದು ಬ್ಯಾಂಕು ಗ್ರಾಹಕನಿಗೆ ಕೊಡಬೇಕಾದ ಸಾಲ. ಇದು ಮುಸ್ಲಿಮರಿಗೆ ಹೊಸ ಕಲ್ಪನೆಯಲ್ಲ. ಜನರು ಝುಬೈರ್ ಬಿನ್ ಅವ್ವಾಮ್‌ರ(ರ) ಬಳಿ ಹಣವನ್ನು ಅಮಾನತಾಗಿ ಇಡಲು ಬಂದಾಗ, ಅದು ಕಳೆದುಹೋದರೆ ಅವರಿಗೆ ನಷ್ಟವಾದೀತೆಂದು ಅವರು ಅದನ್ನು ಸಾಲವಾಗಿಯೇ ಸ್ವೀಕರಿಸುತ್ತಿದ್ದರು.

ಎರಡು ಹೆಸರಿನ ಖಾತೆ ತೆರೆಯುವಾಗ ನಮೂನೆಯಲ್ಲಿ ಹಲವು ಆಯ್ಕೆಗಳಿರುತ್ತವೆ. ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ ಎಂಬುದು ಒಂದು. ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು ಎಂಬುದು ಇನ್ನೊಂದು. ಮೊದಲ ಹೆಸರಿನವರು ಇರುವ ತನಕ ಅವರೇ, ಆಮೇಲೆ ಉಳಿದವರು ಎಂಬುದು ಮತ್ತೊಂದು. ಇವೆಲ್ಲ ಬ್ಯಾಂಕಿನೊಡನೆ ಮಾಡಿಕೊಂಡ ಕರಾರುಗಳು. ಸಹಿ ಇದ್ದವರಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ತೀರಿತು ಎಂಬುದಷ್ಟೇ ಅವುಗಳ ಉದ್ದೇಶ.

ಈ ಮಾತು ಬಹು ಹಿಂದೆಯೇ ಇತ್ಯರ್ಥವಾಗಿದೆ. ಗಂಡನೊಬ್ಬನು ತನ್ನ ಹಣವನ್ನು ತನ್ನ ಮತ್ತು ಹೆಂಡತಿಯ ಹೆಸರಿನಲ್ಲಿ, ಇಬ್ಬರಲ್ಲಿ ಯಾರಿಗಾದರೂ ಅಥವಾ ಬದುಕುಳಿದವರಿಗೆ ಸಲ್ಲುವಂತೆ ಠೇವಣಿ ಇಟ್ಟಿದ್ದ ಗುರಾನ್ ದಿತ್ತಾ ಮೊಕದ್ದಮೆ 1928ರಲ್ಲಿ ಪ್ರಿವಿ ಕೌನ್ಸಿಲಿನ ಮುಂದೆ ಬಂತು. ಹೆಸರು ಸೇರಿಸಿದ ಮಾತ್ರಕ್ಕೆ ಆ ಹಣ ಹೆಂಡತಿಗೆ ದಾನವಾಯಿತೆಂದು ಭಾವಿಸಲಾಗದು, ಬೇರೆ ಪುರಾವೆಯಿಲ್ಲದಿದ್ದರೆ ಅದು ಗಂಡನ ಆಸ್ತಿಯಾಗಿಯೇ ಉಳಿಯುತ್ತದೆ ಎಂದು ತೀರ್ಪಾಯಿತು.

ಶರೀಅತ್ತಿನ ನಿಯಮವೂ ಹೀಗೆಯೇ ಇದೆ. ದಾನ ಪೂರ್ಣವಾಗಬೇಕಾದರೆ ಕೊಡುವ ಘೋಷಣೆ, ಸ್ವೀಕಾರ ಮತ್ತು ಸ್ವಾಧೀನ ಮೂರೂ ಬೇಕು. ಹಣವನ್ನು ತಾನೇ ಹಾಕಿ, ತಾನೇ ತೆಗೆಯುತ್ತಾ, ಹೆಸರು ಮಾತ್ರ ಹೆಂಡತಿಯದೂ ಇದ್ದರೆ ಅದು ದಾನವಾಗದು. ಇನ್ನು ಇಬ್ಬರ ಹಣವೂ ಬೆರೆತಿದ್ದರೆ, ಫಿಕ್‌ಹ್ ಪಂಡಿತರು ಅದನ್ನು ಶಿರ್ಕತುಲ್ ಮಿಲ್ಕ್, ಅಂದರೆ ಒಡೆತನದ ಪಾಲುದಾರಿಕೆ ಎಂದು ಕರೆಯುತ್ತಾರೆ. ಅದರಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ಪಾಲಿನ ವಿಷಯದಲ್ಲಿ ಪರಕೀಯನಿದ್ದಂತೆ. ಅವನ ಒಪ್ಪಿಗೆಯಿಲ್ಲದೆ ಆ ಪಾಲನ್ನು ಖರ್ಚು ಮಾಡುವ ಅಧಿಕಾರ ಇವನಿಗಿಲ್ಲ.

ಸಾಲಗಾರನು ಬದುಕಿರುವಾಗ

ಸಾಲ ಕೊಟ್ಟವನು ನ್ಯಾಯಾಲಯದಲ್ಲಿ ಡಿಕ್ರಿ ಪಡೆದನು ಎಂದಿಟ್ಟುಕೊಳ್ಳಿ. ಸಾಲಗಾರನ ಖಾತೆಯ ಹಣವನ್ನು ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದಲ್ಲಿ ದಾರಿಯಿದೆ. ನ್ಯಾಯಾಲಯವು ಬ್ಯಾಂಕಿಗೆ ಹಣ ಕೊಡದಂತೆ ತಡೆಯಾಜ್ಞೆ ಕಳಿಸುತ್ತದೆ. ಖಾತೆ ಇಬ್ಬರ ಹೆಸರಿನಲ್ಲಿದ್ದರೆ ಏನಾಗುತ್ತದೆ?

ಇಬ್ಬರಿಗೆ ಜಂಟಿಯಾಗಿ ಸಲ್ಲಬೇಕಾದ ಹಣವನ್ನು ಅವರಲ್ಲಿ ಒಬ್ಬನ ಸಾಲಕ್ಕಾಗಿ ಮೂರನೆಯವನ ಕೈಯಲ್ಲಿ ತಡೆಹಿಡಿಯಲಾಗದು ಎಂದು ಇಂಗ್ಲೆಂಡಿನ ನ್ಯಾಯಾಲಯವು 1884ರಲ್ಲಿಯೇ ತೀರ್ಮಾನಿಸಿತ್ತು. ನಮ್ಮ ಬ್ಯಾಂಕಿಂಗ್ ಪಠ್ಯಗಳಲ್ಲಿ ಇಂದಿಗೂ ಈ ಪಾಠ ಕಲಿಸಲಾಗುತ್ತದೆ. ಇದರಿಂದ ಸಾಲಗಾರನ ಪಾಲೂ ಕೈತಪ್ಪಿತೆಂದು ತಿಳಿಯಬಾರದು. ಸಂಹಿತೆಯ 60ನೆಯ ಕಲಮಿನ ಪ್ರಕಾರ ಸಾಲಗಾರನಿಗೆ ಸೇರಿದ ಆಸ್ತಿ ಜಪ್ತಿಗೆ ಒಳಪಡುತ್ತದೆ. ಅದು ಅವನ ಹೆಸರಿನಲ್ಲಿದ್ದರೂ ಸರಿ, ಅವನ ಪರವಾಗಿ ಬೇರೊಬ್ಬರ ಹೆಸರಿನಲ್ಲಿದ್ದರೂ ಸರಿ. ಅಂದರೆ ಕೊನೆಗೆ ಪ್ರಶ್ನೆ ಹೆಸರಿನದಲ್ಲ, ಹಣ ಯಾರದೆಂಬುದು.

ನಿರಪರಾಧಿಯಾದ ಇನ್ನೊಬ್ಬ ಖಾತೆದಾರನಿಗೂ ರಕ್ಷಣೆಯಿದೆ. ಅದೇ 21ನೆಯ ಆದೇಶದ 58ನೆಯ ನಿಯಮದ ಮೇರೆಗೆ ಅವನು ಆಕ್ಷೇಪಣೆ ಸಲ್ಲಿಸಿ ತನ್ನ ಹಣವನ್ನು ಬಿಡಿಸಿಕೊಳ್ಳಬಹುದು. ನ್ಯಾಯಾಲಯವು ಒಡೆತನದ ಪ್ರಶ್ನೆಯನ್ನು ಅಲ್ಲಿಯೇ ವಿಚಾರಿಸಿ ತೀರ್ಮಾನಿಸುತ್ತದೆ. ಆದರೆ ತಡ ಮಾಡಬಾರದು. ಬೇಕೆಂದೇ ವಿಳಂಬಿಸಿದ ಆಕ್ಷೇಪಣೆಯನ್ನು ಸ್ವೀಕರಿಸುವುದಿಲ್ಲ.

ಒಂದು ಉದಾಹರಣೆ ನೋಡೋಣ. ಮಾಲೂರಿನ ಒಬ್ಬ ವೃದ್ಧ ತಾಯಿ ತನ್ನ ಪಿಂಚಣಿ ಖಾತೆಗೆ ಮಗನ ಹೆಸರು ಸೇರಿಸಿದ್ದಾರೆ ಎನ್ನಿ. ಬ್ಯಾಂಕಿಗೆ ಹೋಗಿಬರಲು ಆಕೆಗೆ ಶಕ್ತಿಯಿಲ್ಲ, ಅಷ್ಟೇ ಕಾರಣ. ಮಗನು ಇಟ್ಟಿಗೆ ವ್ಯಾಪಾರದಲ್ಲಿ ಸೋತು ಸಾಲಗಾರನಾದರೆ ಆ ಖಾತೆಯ ಹಣ ಅವನ ಸಾಲಕ್ಕೆ ಸಲ್ಲದು. ಏಕೆಂದರೆ ಅದರಲ್ಲಿ ಅವನದೊಂದು ಕಾಸೂ ಇಲ್ಲ. ಆದರೆ ಅದೇ ಮಗ ಇಟ್ಟಿಗೆ ಮಾರಿದ ಹಣವನ್ನು ಸಾಲ ಕೊಟ್ಟವರ ಕಣ್ಣು ತಪ್ಪಿಸಲೆಂದು ತಾಯಿಯ ಖಾತೆಗೆ ಹಾಕಿದರೆ? ಆ ಹಣ ತಾಯಿಯದಾಗುವುದಿಲ್ಲ. ಅದಕ್ಕಿಂತ ಕೆಟ್ಟ ಪರಿಣಾಮವೆಂದರೆ, ತಾಯಿಯ ಶುದ್ಧ ಹಣವೂ ಸಂದೇಹದ ಸುಳಿಗೆ ಸಿಕ್ಕಿ, ಆಕೆ ಪ್ರತಿಯೊಂದು ರೂಪಾಯಿಗೂ ಲೆಕ್ಕ ತೋರಿಸಬೇಕಾಗುತ್ತದೆ.

ಲೆಕ್ಕವೇ ಇಲ್ಲದಿದ್ದರೆ ಏನು ಮಾಡುವುದು? ತೆರಿಗೆ ಬಾಕಿಯ ವಸೂಲಿಗಾಗಿ 1961ರ ಆದಾಯ ತೆರಿಗೆ ಕಾನೂನಿನ 226ನೆಯ ಕಲಮು ಒಂದು ದಾರಿ ತೋರಿಸಿತ್ತು. ಬೇರೆ ರೀತಿ ರುಜುವಾತಾಗುವ ತನಕ ಜಂಟಿ ಖಾತೆಯಲ್ಲಿ ಎಲ್ಲರ ಪಾಲು ಸಮಾನವೆಂದು ಭಾವಿಸಬೇಕು ಎಂಬುದು ಆ ದಾರಿ. ಇದು ತೆರಿಗೆಗೆಂದು ಮಾಡಿದ ನಿಯಮವಾದರೂ ಎಲ್ಲರಿಗೂ ಒಂದು ಪಾಠವಿದೆ. ಬರೆದಿಡದವನ ಪಾಲನ್ನು ಊಹೆ ತೀರ್ಮಾನಿಸುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ನೆನಪಿಡಬೇಕು. ಖಾತೆ ಜಂಟಿಯಾಗಿರುವುದು ಬೇರೆ, ಸಾಲ ಜಂಟಿಯಾಗಿರುವುದು ಬೇರೆ. ಹೆಂಡತಿಯು ಸಾಲದ ಪತ್ರಕ್ಕೆ ಸಹಸಾಲಗಾರಳಾಗಿ ಅಥವಾ ಜಾಮೀನುದಾರಳಾಗಿ ಸಹಿ ಹಾಕಿದ್ದರೆ ಆಕೆಯ ಹಣವೂ ಹೊಣೆಗೆ ಒಳಪಡುತ್ತದೆ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆಂದು 1872ರ ಕರಾರು ಕಾನೂನಿನ 128ನೆಯ ಕಲಮು ಹೇಳುತ್ತದೆ. ಓದದೆ ಸಹಿ ಹಾಕುವುದು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿದೆ. ಅದರ ಬೆಲೆಯನ್ನು ಹೆಚ್ಚಾಗಿ ಸ್ತ್ರೀಯರೇ ತೆರುತ್ತಾರೆ.

ಪಾಲುದಾರರ ಖಾತೆ

ಇಬ್ಬರು ಸಹೋದರರು ಕೋಲಾರದಲ್ಲಿ ಪಾಲಿನ ಮೇಲೆ ಮಂಡಿ ನಡೆಸುತ್ತಿದ್ದಾರೆ ಎನ್ನಿ. ತಮ್ಮನು ಮಗಳ ಮದುವೆಗೆ ಸ್ವಂತ ಸಾಲ ಮಾಡಿದನು. ಸಾಲ ಕೊಟ್ಟವನು ಮಂಡಿಯ ಖಾತೆಯನ್ನು ಹಿಡಿಯಬಹುದೇ? ಇಲ್ಲ. ಪಾಲುದಾರಿಕೆಯ ಆಸ್ತಿಯನ್ನು ಒಬ್ಬ ಪಾಲುದಾರನ ವೈಯಕ್ತಿಕ ಡಿಕ್ರಿಗಾಗಿ ನೇರವಾಗಿ ಜಪ್ತಿ ಮಾಡುವಂತಿಲ್ಲ; ಆ ಪಾಲುದಾರನ ಲಾಭ ಮತ್ತು ಪಾಲಿನ ಮೇಲೆ ಮಾತ್ರ ನ್ಯಾಯಾಲಯದಿಂದ ಹಕ್ಕು ಪಡೆಯಬಹುದು.

1932ರ ಪಾಲುದಾರಿಕೆ ಕಾನೂನಿನ 49ನೆಯ ಕಲಮು ಇದರ ಕ್ರಮವನ್ನು ಚೆನ್ನಾಗಿ ತೋರಿಸುತ್ತದೆ. ಪಾಲುದಾರಿಕೆಯ ಆಸ್ತಿ ಮೊದಲು ಪಾಲುದಾರಿಕೆಯ ಸಾಲಕ್ಕೆ ಸಲ್ಲಬೇಕು, ಉಳಿದರೆ ಆಯಾ ಪಾಲುದಾರನ ಪಾಲು ಅವನ ಸ್ವಂತ ಸಾಲಕ್ಕೆ. ಅದೇ ರೀತಿ ಸ್ವಂತ ಆಸ್ತಿ ಮೊದಲು ಸ್ವಂತ ಸಾಲಕ್ಕೆ, ಉಳಿದರೆ ಪಾಲುದಾರಿಕೆಯ ಸಾಲಕ್ಕೆ. ಮಂಡಿಗೆ ಟೊಮೆಟೊ ತಂದು ಹಾಕಿದ ರೈತನ ಬಾಕಿ ತೀರುವ ಮೊದಲು, ತಮ್ಮನ ಮದುವೆ ಸಾಲ ಆ ಖಾತೆಯನ್ನು ಮುಟ್ಟಬಾರದು. ಇದು ನ್ಯಾಯವಲ್ಲವೇ?

ಸಾಲಗಾರನು ತೀರಿಕೊಂಡಾಗ

ನಿಜವಾದ ಪರೀಕ್ಷೆ ಬರುವುದು ಮರಣದ ಬಳಿಕ. ಬದುಕುಳಿದವರು ಬ್ಯಾಂಕಿಗೆ ಹೋಗುತ್ತಾರೆ, ಮರಣ ಪ್ರಮಾಣಪತ್ರ ಕೊಡುತ್ತಾರೆ, ಹಣ ಅವರ ಕೈಗೆ ಬರುತ್ತದೆ. ಬ್ಯಾಂಕು ಕೊಟ್ಟಿತು, ಆದ್ದರಿಂದ ಹಣ ನನ್ನದು ಎಂದು ಹೆಚ್ಚಿನವರು ತಿಳಿಯುತ್ತಾರೆ. ರಿಸರ್ವ್ ಬ್ಯಾಂಕ್ 2005ರ ಜೂನ್ 9ರಂದು ಹೊರಡಿಸಿದ ಸುತ್ತೋಲೆಯು ಈ ತಪ್ಪು ತಿಳುವಳಿಕೆಯನ್ನೇ ಸರಿಪಡಿಸಿತು. ಬದುಕುಳಿದ ಖಾತೆದಾರ ಅಥವಾ ನಾಮಿನಿಯು ಆ ಹಣವನ್ನು ಪಡೆಯುವುದು ಕಾನೂನುಬದ್ಧ ವಾರೀಸುದಾರರ ಪರವಾದ ಧರ್ಮದರ್ಶಿಯಾಗಿ ಎಂಬುದನ್ನು ಅವರಿಗೆ ತಿಳಿಸಬೇಕೆಂದು ಅದು ಬ್ಯಾಂಕುಗಳಿಗೆ ಹೇಳಿತು.

ನಾಮಿನಿಯ ಬಗ್ಗೆ ಸುಪ್ರೀಮ್ ಕೋರ್ಟು 2010ರ ರಾಮ್‌ಚಂದರ್ ತಲ್ವಾರ್ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ತೀರ್ಪು ನೀಡಿದೆ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾನೂನಿನ ಮೇರೆಗೆ ನಾಮಿನಿಗೆ ಹಣ ಪಡೆಯುವ ಹಕ್ಕಿದೆ, ಒಡೆತನವಿಲ್ಲ. ಹಣವು ಮೃತನ ಸೊತ್ತಿಗೆ ಸೇರಿದ್ದು. 2025ರ ತಿದ್ದುಪಡಿಯಿಂದಾಗಿ ಒಂದು ಖಾತೆಗೆ 4 ಮಂದಿ ನಾಮಿನಿಗಳನ್ನು ಸೂಚಿಸಲು ಅವಕಾಶವಾಗಿದೆ. ನಾಮಿನಿಗಳ ಸಂಖ್ಯೆ ಹೆಚ್ಚಿದರೂ ಈ ತತ್ವ ಬದಲಾಗಿಲ್ಲ.

ಇನ್ನು ಶರೀಅತ್ತಿನ ಕ್ರಮ. ಅನ್ನಿಸಾ ಅಧ್ಯಾಯದ 11 ಮತ್ತು 12ನೆಯ ಸೂಕ್ತಗಳಲ್ಲಿ ವಾರೀಸುದಾರರ ಪಾಲುಗಳನ್ನು ವಿವರಿಸುವಾಗ, ಇದೆಲ್ಲ ವಸಿಯ್ಯತ್ ಮತ್ತು ಸಾಲ ಸಂದಾಯವಾದ ಬಳಿಕ ಎಂಬ ಷರತ್ತನ್ನು ನಾಲ್ಕು ಬಾರಿ ನೆನಪಿಸಲಾಗಿದೆ. ಅದರಂತೆ ಮೊದಲು ದಫನದ ವೆಚ್ಚ, ಆಮೇಲೆ ಸಾಲ, ಆಮೇಲೆ ಮೂರನೆಯ ಒಂದರಷ್ಟರೊಳಗೆ ವಸಿಯ್ಯತ್, ಕೊನೆಗೆ ವಾರೀಸು. ಸಾಲ ತೀರದೆ ಪಾಲು ಹಂಚಿಕೊಳ್ಳುವವರು ಪರರ ಹಣವನ್ನು ಹಂಚಿಕೊಳ್ಳುತ್ತಿದ್ದಾರೆ.

ಝುಬೈರ್(ರ) ಹುತಾತ್ಮರಾದಾಗ ಅವರ ಮೇಲೆ 22 ಲಕ್ಷದ ಸಾಲವಿತ್ತು. ಅವರ ಪುತ್ರ ಅಬ್ದುಲ್ಲಾ(ರ) ಜಮೀನು ಮಾರಿ ಅದನ್ನು ತೀರಿಸಿದರು. ಉಳಿದವರು ಪಾಲು ಕೇಳಿದಾಗ ಅವರು ಒಡನೆ ಹಂಚಲಿಲ್ಲ. ನಾಲ್ಕು ವರ್ಷಗಳ ಕಾಲ ಹಜ್ಜ್ ಸಂದರ್ಭದಲ್ಲಿ, ತಂದೆಯಿಂದ ಬರಬೇಕಾದುದೇನಾದರೂ ಇದ್ದವರು ಬಂದು ಪಡೆಯಲಿ ಎಂದು ಘೋಷಣೆ ಮಾಡಿಸಿದರು. ಆ ಬಳಿಕವೇ ಹಂಚಿಕೆಯಾಯಿತು. ನಾವಾದರೋ ಮೂರನೆಯ ದಿನಕ್ಕೇ ಪಾಸ್‌ಬುಕ್ ಹುಡುಕುತ್ತೇವೆ!

ಲೆಕ್ಕದಲ್ಲಿ ತಿಳಿಯೋಣ

ಶ್ರೀನಿವಾಸಪುರದ ಒಬ್ಬ ಮಾವಿನ ವ್ಯಾಪಾರಿ ತೀರಿಕೊಂಡರು ಎಂದಿಟ್ಟುಕೊಳ್ಳಿ. ಗಂಡ ಹೆಂಡಿರ ಜಂಟಿ ಖಾತೆಯಲ್ಲಿ 9,00,000 ರೂಪಾಯಿ ಇದೆ. ಅದರಲ್ಲಿ 2,00,000 ಹೆಂಡತಿಯು ಹೊಲಿಗೆಯಿಂದಲೂ ಹಸುವಿನ ಹಾಲಿನಿಂದಲೂ ಗಳಿಸಿದ್ದು. ಡೈರಿಯ ಲೆಕ್ಕವೂ ಪಾಸ್‌ಬುಕ್ಕೂ ಅದಕ್ಕೆ ಸಾಕ್ಷಿ. ಅದು ಆಕೆಯದೇ. ಮೃತನ ಸೊತ್ತು 7,00,000. ದಫನದ ವೆಚ್ಚ 20,000 ಕಳೆಯಿರಿ. ತೋಟದ ರೈತರಿಗೆ ಕೊಡಬೇಕಾದುದು 4,00,000. ಹೆಂಡತಿಗೆ ಸಲ್ಲದೆ ಉಳಿದ ಮಹ್ರ್ 1,00,000. ಇವೆರಡೂ ತೀರಿದ ಬಳಿಕ ಉಳಿಯುವುದು 1,80,000. ವಸಿಯ್ಯತ್ ಇಲ್ಲ, ಒಬ್ಬ ಮಗ, ಒಬ್ಬ ಮಗಳು, ವಿಧವೆ ಮಾತ್ರ ವಾರೀಸುದಾರರು. ವಿಧವೆಗೆ ಎಂಟನೆಯ ಒಂದು ಪಾಲು 22,500, ಮಗನಿಗೆ 1,05,000, ಮಗಳಿಗೆ 52,500.

ಈಗ ಕಷ್ಟದ ಪ್ರಸಂಗ ನೋಡಿ. ಖಾತೆಯಲ್ಲಿ ಇರುವುದು 5,20,000 ಮಾತ್ರ, ಬೇರೆ ಆಸ್ತಿಯಿಲ್ಲ. ಹೆಂಡತಿಯ 2,00,000 ಬಿಟ್ಟರೆ ಮೃತನದು 3,20,000. ದಫನದ ವೆಚ್ಚ ಕಳೆದು 3,00,000. ಸಾಲ 5,00,000. ಇಲ್ಲಿ ರೈತರಿಗೂ ಮಹ್ರ್‌ಗೂ ಯಾರು ಮೊದಲು? ಹೈದರಾಬಾದಿನಿಂದ ಬಂದ ಕಪೂರ್‌ಚಂದ್ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 1950ರಲ್ಲಿ ಇದನ್ನು ಇತ್ಯರ್ಥಪಡಿಸಿದೆ. ಮಹ್ರ್ ಒಂದು ಸಾಲವೇ ಹೌದು, ಆದರೆ ಭದ್ರತೆಯಿಲ್ಲದ ಇತರ ಸಾಲಗಳಿಗಿಂತ ಅದಕ್ಕೆ ಆದ್ಯತೆಯಿಲ್ಲ. ಆದ್ದರಿಂದ ಎಲ್ಲರಿಗೂ ರೂಪಾಯಿಗೆ 60 ಪೈಸೆಯಂತೆ ಸಲ್ಲುತ್ತದೆ. ರೈತರಿಗೆ 2,40,000, ವಿಧವೆಗೆ ಮಹ್ರ್ ಬಾಬ್ತು 60,000. ವಾರೀಸುದಾರರಿಗೆ ಏನೂ ಉಳಿಯುವುದಿಲ್ಲ.

ಆದರೆ ವಿಧವೆಯ 2,00,000ವನ್ನು ಯಾರೂ ಮುಟ್ಟುವಂತಿಲ್ಲ. ಉಳಿದ ಸಾಲಕ್ಕೆ ಆಕೆಯಾಗಲಿ ಮಕ್ಕಳಾಗಲಿ ಸ್ವಂತ ದುಡಿಮೆಯಿಂದ ಕೊಡಬೇಕೆಂಬ ಕಾನೂನಿನ ನಿರ್ಬಂಧವಿಲ್ಲ. ವಾರೀಸುದಾರನ ಹೊಣೆ ಅವನ ಕೈಗೆ ಬಂದ ಮೃತನ ಸೊತ್ತಿನಷ್ಟು ಮಾತ್ರವೆಂದು ಸಿವಿಲ್ ಸಂಹಿತೆಯ 50ನೆಯ ಕಲಮು ಹೇಳುತ್ತದೆ. ಮಕ್ಕಳು ತಂದೆಯ ಮೇಲಿನ ಪ್ರೀತಿಯಿಂದ ಮುಂದೆ ತೀರಿಸಿದರೆ ಅದು ದೊಡ್ಡ ಪುಣ್ಯ. ಸಾಲ ಕೊಟ್ಟವರು ಬಿಟ್ಟುಕೊಟ್ಟರೆ ಅದೂ ಪುಣ್ಯವೇ. ಆದರೆ ವಿಧವೆಯ ಬಾಗಿಲಲ್ಲಿ ಕೂತು ಆಕೆಯ ಹಣ ಕೀಳುವುದು ಅನ್ಯಾಯ.

ಗುಂಪಿನ ಖಾತೆ

ಸ್ವಸಹಾಯ ಗುಂಪುಗಳ ಖಾತೆಯೂ ಹಂಚಿಕೊಂಡ ಖಾತೆಯೇ. ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತು. ಆ ಬಳಿಕ ಇಂಥ ಖಾತೆಗಳು ಹಳ್ಳಿಹಳ್ಳಿಗೂ ಬಂದವು. ಗುಂಪಿನ ಪರವಾಗಿ ಇಬ್ಬರೋ ಮೂವರೋ ಸಹಿ ಹಾಕುತ್ತಾರೆ. ಅವರು ಹಣದ ಒಡೆಯರಲ್ಲ, ಅಮಾನತು ಹೊತ್ತವರು. ಸಹಿ ಹಾಕುವವಳ ಮನೆಯ ಸಾಲಕ್ಕೆ ಗುಂಪಿನ ಹಣ ಹೊಣೆಯಲ್ಲ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಯೋಜನೆಯಡಿ ಗುಂಪಿಗೆ ಕೊಡುವ 10 ಲಕ್ಷ ರೂಪಾಯಿವರೆಗಿನ ಸಾಲಕ್ಕಾಗಿ ಬ್ಯಾಂಕುಗಳು ಗುಂಪಿನ ಉಳಿತಾಯ ಖಾತೆಯನ್ನು ಅಡವಿನಂತೆ ಹಿಡಿದಿಡುವಂತಿಲ್ಲ. ಮಸೀದಿ, ಮದ್ರಸಗಳ ಖಾತೆಗೂ ಇದೇ ನಿಯಮ. ಅಧ್ಯಕ್ಷರ ಸಾಲಕ್ಕೂ ಜಮಾಅತ್ತಿನ ಹಣಕ್ಕೂ ಸಂಬಂಧವಿಲ್ಲ.

ಇದಕ್ಕಿಂತ ಬೇರೆಯಾದುದು ಜಂಟಿ ಹೊಣೆಗಾರಿಕೆಯ ಗುಂಪು. ಅಲ್ಲಿ ಖಾತೆ ಬೇರೆ ಬೇರೆ, ಆದರೆ ಒಬ್ಬಳ ಸಾಲಕ್ಕೆ ಉಳಿದವರು ಜಾಮೀನು. ಕಿರುಸಾಲ ಸಂಸ್ಥೆಗಳು ಈ ರೀತಿ ಕೋಲಾರ ಜಿಲ್ಲೆಯಲ್ಲಿ ಒಬ್ಬೊಬ್ಬರಿಗೆ ಹಲವು ಕಡೆಯಿಂದ ಸಾಲ ಕೊಟ್ಟವು. ರೇಷ್ಮೆ ಉದ್ಯಮ ಕುಸಿದಾಗ ಮರುಪಾವತಿ ಕಷ್ಟವಾಯಿತು. 2009ರಲ್ಲಿ ಕೋಲಾರದ ಅಂಜುಮನ್ ಸಮಿತಿಯು ಮುಸ್ಲಿಮ್ ಸ್ತ್ರೀಯರು ಈ ಸಂಸ್ಥೆಗಳೊಂದಿಗೆ ವ್ಯವಹರಿಸಬಾರದೆಂದು ಕರೆ ಕೊಟ್ಟಿತು. ಮರುಪಾವತಿ ನಿಂತುಹೋಯಿತು. ಇದು ಶಿಡ್ಲಘಟ್ಟ, ರಾಮನಗರ ಮುಂತಾದ ರೇಷ್ಮೆ ಪಟ್ಟಣಗಳಿಗೂ ಹಬ್ಬಿತು.

ಇದರಲ್ಲಿ ಕಲಿಯಬೇಕಾದುದೇನು? ಬಡ್ಡಿಯನ್ನು ಅಲ್ಲಾಹನು ನಿಷೇಧಿಸಿದ್ದಾನೆ. ಆದರೆ ಅದೇ ಅಲ್‌ಬಕರ ಅಧ್ಯಾಯದ 279ನೆಯ ಸೂಕ್ತವು ಅಸಲು ಸಾಲ ಕೊಟ್ಟವನಿಗೆ ಸೇರಿದ್ದೆಂದು ತಿಳಿಸುತ್ತದೆ. ಮುಂದಿನ ಸೂಕ್ತವು ಕಷ್ಟದಲ್ಲಿರುವವನಿಗೆ ಸಮಯ ಕೊಡಬೇಕೆಂದು ಬೋಧಿಸುತ್ತದೆ. ಅತಿಯಾಗಿ ಸಾಲ ಹೇರಿ ಪೀಡಿಸುವುದು ಅನ್ಯಾಯ, ಪಡೆದ ಅಸಲನ್ನು ಮರೆಯುವುದೂ ಅನ್ಯಾಯ. ಬಲಾತ್ಕಾರದ ವಸೂಲಿಯನ್ನು ತಡೆಯಲು ಕರ್ನಾಟಕ ಸರಕಾರವು 2025ರಲ್ಲಿ ಕಾನೂನನ್ನು ತಂದಿದೆ. ಪೀಡನೆಯಿಂದ ಬಿಡುಗಡೆ ಕಾನೂನು ಕೊಡಬಹುದು. ಹೊಣೆಯಿಂದ ಬಿಡುಗಡೆ ಪಾವತಿಯಿಂದ ಅಥವಾ ಮಾಫಿಯಿಂದ ಮಾತ್ರ.

ಮರೆಮಾಡುವ ದಾರಿಗಳು

ಸಾಲ ಬೆಳೆದಾಗ ಹಣವನ್ನು ಹೆಂಡತಿಯ ಖಾತೆಗೆ ದಾಟಿಸುವುದು, ಎಂದೂ ಕೊಡದ ಮಹ್ರನ್ನು ಆಗ ನೆನಪಿಸಿಕೊಂಡು ಹತ್ತು ಪಟ್ಟು ಬರೆಯುವುದು, ಮರಣಶಯ್ಯೆಯಲ್ಲಿ ಮಕ್ಕಳಿಗೆ ದಾನ ಮಾಡುವುದು, ಇವೆಲ್ಲ ಕೆಲವರಿಗೆ ಜಾಣತನವಾಗಿ ಕಾಣುತ್ತವೆ. ನಿಜವಾದ ಮಹ್ರ್ ಬಾಕಿಯನ್ನು ಕೊಡುವುದು ಸಾಲ ತೀರಿಸಿದಂತೆಯೇ ಸರಿ. ಅದನ್ನು ನೆಪ ಮಾಡಿಕೊಂಡು ಇತರರ ಹಣ ಮುಳುಗಿಸುವುದು ವಂಚನೆ. ಮರಣ ಕಾಲದ ಕಾಯಿಲೆಯಲ್ಲಿ ಮಾಡಿದ ದಾನವನ್ನು ಶರೀಅತ್ ವಸಿಯ್ಯತ್ತಿನಂತೆ ನೋಡುತ್ತದೆ. ಆದ್ದರಿಂದ ಸಾಲ ತೀರುವ ತನಕ ಅದಕ್ಕೆ ಬೆಲೆಯಿಲ್ಲ. ಶಕ್ತನಾಗಿದ್ದೂ ಸಾಲ ತೀರಿಸಲು ತಡಮಾಡುವುದು ಅಕ್ರಮವೆಂದು ಪ್ರವಾದಿವರ್ಯರು(ಸ) ಹೇಳಿರುವಾಗ, ಶಕ್ತನಾಗಿದ್ದೂ ಬಚ್ಚಿಡುವುದನ್ನು ಏನೆನ್ನಬೇಕು?

ಇನ್ನು ಕೆಲವರು ಮೂರು ವರ್ಷ ಕಳೆಯಲೆಂದು ಕಾಯುತ್ತಾರೆ. ಸಾಲದ ದಾವೆಗೆ 1963ರ ಕಾಲಮಿತಿ ಕಾನೂನು ಸಾಮಾನ್ಯವಾಗಿ ಮೂರು ವರ್ಷದ ಅವಧಿ ಇಟ್ಟಿರುವುದು ನಿಜ. ಅದರಿಂದ ನ್ಯಾಯಾಲಯದ ಬಾಗಿಲು ಮುಚ್ಚುತ್ತದೆ, ಸಾಲ ಸಾಯುವುದಿಲ್ಲ. ಪರಲೋಕದ ನ್ಯಾಯಾಲಯದಲ್ಲಿ ಕಾಲಮಿತಿಯಿಲ್ಲ.

ಈಗಲೇ ಮಾಡಬೇಕಾದುದು

1. ಜಂಟಿ ಖಾತೆ ಇರುವವರು ಯಾರ ಹಣ ಎಷ್ಟು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ವರ್ಷಕ್ಕೊಮ್ಮೆ ಝಕಾತ್ ಲೆಕ್ಕ ಹಾಕುವಾಗ ಅದನ್ನು ತಿದ್ದಲಿ.

2. ಅನುಕೂಲಕ್ಕಾಗಿ ಮಾತ್ರ ಹೆಸರು ಸೇರಿಸಿದ್ದರೆ ಹಾಗೆಂದೇ ಬರೆದಿಡಲಿ. ಕೊಡುವ ಇಚ್ಛೆಯಿದ್ದರೆ ಅವರ ಸ್ವಂತ ಖಾತೆಗೆ ಹಾಕಿ ಕೊಟ್ಟುಬಿಡಲಿ.

3. ಸ್ತ್ರೀಯರು ತಮ್ಮ ಗಳಿಕೆ, ಮಹ್ರ್ ಮತ್ತು ತವರಿನ ಪಾಲನ್ನು ಸಾಧ್ಯವಾದಷ್ಟು ತಮ್ಮ ಹೆಸರಿನ ಪ್ರತ್ಯೇಕ ಖಾತೆಯಲ್ಲಿಡಲಿ.

4. ವ್ಯಾಪಾರದ ಖಾತೆಯೂ ಮನೆಯ ಖಾತೆಯೂ ಬೇರೆ ಬೇರೆ ಇರಲಿ.

5. ತಾನು ಕೊಡಬೇಕಾದ ಸಾಲಗಳ ಪಟ್ಟಿ ಮನೆಯವರಿಗೆ ತಿಳಿದಿರಲಿ. ಕೈಗಡಕ್ಕೂ ಚೀಟಿ ಇರಲಿ.

6. ಖಾತೆದಾರರು ತೀರಿಕೊಂಡಾಗ ಹಣ ಪಡೆದವರು ಅದನ್ನು ಅಮಾನತೆಂದು ತಿಳಿದು, ಮಸೀದಿಯಲ್ಲೂ ಮಂಡಿಯಲ್ಲೂ ಬಾಕಿ ಇದ್ದವರು ಬರಲೆಂದು ತಿಳಿಸಿ, ಸಾಲ ತೀರಿಸಿ ಆಮೇಲೆ ಹಂಚಲಿ.

7. ಅನ್ಯರ ಸಾಲಕ್ಕೆ ತನ್ನ ಹಣ ಜಪ್ತಿಯಾದ ಸ್ತ್ರೀಯರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಲಿ. 1987ರ ಕಾನೂನಿನ ಮೇರೆಗೆ ಆದಾಯ ಎಷ್ಟೇ ಇದ್ದರೂ ಸ್ತ್ರೀಯರಿಗೆ ವಕೀಲರ ನೆರವು ಉಚಿತ.

ಖಾತೆಯಲ್ಲಿ ಎಷ್ಟು ಹೆಸರುಗಳಿದ್ದರೂ ಅಲ್ಲಾಹನ ಬಳಿ ಪ್ರತಿಯೊಬ್ಬನ ಲೆಕ್ಕ ಅವನವನ ಹೆಸರಿನಲ್ಲಿಯೇ ಇರುತ್ತದೆ. ಅಲ್ಲಿ ಜಂಟಿ ಖಾತೆಯಿಲ್ಲ. ಸಾಲ ಕೊಟ್ಟವನಿಗೆ ಅವನದನ್ನು ಕೊಟ್ಟು, ವಿಧವೆಗೂ ಅನಾಥರಿಗೂ ಅವರದನ್ನು ಉಳಿಸಿ, ಋಣಮುಕ್ತರಾಗಿ ತನ್ನನ್ನು ಸೇರುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.